ಏನೈತ್ರಿ ನಮ್ಮೂರಾಗ?



ನಿಮ್ಮ ಬಸ್ಸು ಇನ್ನೂ ಬಂದಿಲ್ಲ ಅಂತ ನನಗೆ ಗೊತ್ತು. ಬಂದಿದ್ದರೆ ಈ ಪುಟ ತೆರೀತಾ ಇರಲಿಲ್ಲ ನೀವು. ನಡುಪುಟದ ಬಣ್ಣದ ಚಿತ್ರ ನೋಡಿ, ಗಾಂಧಿನಗರದ ಗುಸುಗುಸು ಓದಿ, ಪ್ರಶ್ನೋತ್ತರದಲ್ಲಿ ನಿಮ್ಮ ಪ್ರಶ್ನೆ ಬಂದಿದೆಯೋ ಇಲ್ಲವೋ ಹುಡುಕಿ, ಆಮೇಲೂ ಬಸ್ಸು ಬಾರದಿದ್ದರೆ ಮಾತ್ರ ನನ್ನ ಪಾಳಿ! ಆದ್ದರಿಂದ ತಡವಾಗಿ ಬರುವ ನಾಡಿನ ಸಮಸ್ತ ಬಸ್ಸುಗಳಿಗೂ ಈ ಅಂಕಣಕಾರ ಋಣಿ.

ಈ ವಾರದ ಮಾತಿಗೆ ಕಾರಣ ಒಂದು ಕಾಗದ. ಬಂದದ್ದು ಮುಕ್ಕುಂದದಿಂದ. ಎಲ್ಲಿದೆ ಅಂದಿರಾ? ರಾಯಚೂರು ಜಿಲ್ಲೆ, ಸಿಂಧನೂರು ತಾಲ್ಲೂಕು, ತುಂಗಭದ್ರೆಯ ಎಡದಂಡೆ. ಬರೆದವನು ಇಪ್ಪತ್ತೆರಡರ ಹುಡುಗ. ಹೆಸರು ಬೇಡ, ಅವನ ಮಾತು ಸಾಕು:

‘ಸರ್, ಸಿನಿಮಾದವರು ಹಂಪಿಗೆ ಬರ್ತಾರ, ಆನೆಗುಂದಿಗೆ ಬರ್ತಾರ. ಅದೇ ಹೊಳಿ ನಮ್ಮೂರ ಮುಂದೂ ಹರೀತೈತಿ. ನಮ್ಮೂರಿಗೆ ಯಾರೂ ಬರಂಗಿಲ್ಲ. ಬಂದ್ರೂ ನೋಡಾಕ ಏನೈತ್ರಿ ನಮ್ಮೂರಾಗ? ಒಂದು ಹೊಳಿ, ನಾಕು ಎಮ್ಮಿ, ಎರಿ ಹೊಲ. ನಾನು ಬರೋ ತಿಂಗಳು ಬೆಂಗಳೂರಿಗೆ ದುಡಿಯಾಕ ಹೊಂಟೀನಿ. ಅಲ್ಲಿ ಏನಾರ ನೋಡಾಕ ಸಿಗತೈತಿ.’

ದುಡಿಯಲು ಹೋಗುವುದಕ್ಕೆ ನನ್ನ ಅಡ್ಡಿಯಿಲ್ಲ. ಹೊಟ್ಟೆಪಾಡು ಎಲ್ಲರಿಗೂ ಇದ್ದದ್ದೇ. ನನ್ನನ್ನು ಕಾಡಿದ್ದು ‘ಏನೈತ್ರಿ’ ಎಂಬ ಒಂದೇ ಮಾತು. ಅದನ್ನು ಅವನಿಗೆ ಹೇಳಿಕೊಟ್ಟವರು ಯಾರು? ಯೋಚಿಸಿ ನೋಡಿದರೆ, ನಾವೇ! ಈ ಸಿನಿಮಾ, ಈ ಬಣ್ಣದ ಪತ್ರಿಕೆ, ಈ ನಡುಪುಟ. ಬದುಕು ಇರುವುದು ಎಲ್ಲೋ ಆಚೆ, ನಿಮ್ಮ ಊರಿನಲ್ಲಲ್ಲ ಅಂತ ವಾರವಾರವೂ ಸಾರಿದವರು ನಾವು.

ಆದರೆ ಸಿನಿಮಾ ಹುಟ್ಟಿದ್ದು ಹಾಗಲ್ಲ ಸ್ವಾಮಿ. ಕೇಳಿ.

* * *

1895ನೇ ಇಸವಿ ಡಿಸೆಂಬರ್ 28. ಪ್ಯಾರಿಸ್ ನಗರದ ಒಂದು ಕಾಫಿ ಹೋಟೆಲಿನ ನೆಲಮಾಳಿಗೆ. ಲುಮಿಯೇರ್ ಸಹೋದರರು ದುಡ್ಡು ತೆಗೆದುಕೊಂಡು ಜನಕ್ಕೆ ಸಿನಿಮಾ ತೋರಿಸಿದರು. ಒಟ್ಟು ಹತ್ತು ಚಿತ್ರ, ಒಂದೊಂದೂ ನಿಮಿಷದೊಳಗೆ ಖಲಾಸ್. ಕಥೆ ಏನು ಗೊತ್ತೆ? ಕಾರ್ಖಾನೆಯಿಂದ ಕೆಲಸಗಾರರು ಮನೆಗೆ ಹೊರಡುವುದು. ತೋಟಕ್ಕೆ ನೀರು ಬಿಡುವುದು. ಅಪ್ಪ ಅಮ್ಮ ಕೂತು ಮಗುವಿಗೆ ಊಟ ಮಾಡಿಸುವುದು. ಫೈಟಿಲ್ಲ, ಡ್ಯಾನ್ಸಿಲ್ಲ, ಕ್ಲೈಮ್ಯಾಕ್ಸಿಲ್ಲ. ನಿಮ್ಮ ಪಕ್ಕದ ಮನೆಯಲ್ಲಿ ದಿನಾ ನಡೆಯುವುದೇ.

ಆ ಮಗುವಿನ ಚಿತ್ರ ನೋಡಿದವರು ಬೆರಗಾದದ್ದು ಮಗುವನ್ನು ಕಂಡಲ್ಲವಂತೆ. ಹಿಂದುಗಡೆ ಗಾಳಿಗೆ ಗಿಡದ ಎಲೆ ಅಲ್ಲಾಡುತ್ತಿತ್ತಲ್ಲ, ಅದನ್ನು ಕಂಡಂತೆ! ಎಲೆ ಅಲ್ಲಾಡುವುದನ್ನು ಹುಟ್ಟಿದಾಗಿನಿಂದ ನೋಡಿದ ಜನ. ಪರದೆಯ ಮೇಲೆ ಕಂಡಾಗ ‘ಅರೆ, ಎಲೆ ಅಲ್ಲಾಡ್ತಿದೆ!’ ಅಂದರು. ಎಲೆ ಹೊಸದಲ್ಲ, ನೋಟ ಹೊಸದು.

ಮುಂದೆ ಸಿನಿಮಾದವರು ಕ್ಲೋಸಪ್ ಅಂತ ಒಂದು ಕಂಡುಕೊಂಡರು. ಸಣ್ಣದನ್ನು ಪರದೆ ತುಂಬ ಹಿಗ್ಗಿಸುವುದು. ಸತ್ಯಜಿತ್ ರಾಯ್ 1955ರ ‘ಪಥೇರ್ ಪಾಂಚಾಲಿ’ಯಲ್ಲಿ ಹಳ್ಳಿಯ ಕೊಳದ ನೀರಿನ ಮೇಲೆ ಕುಣಿಯುವ ಹುಳಗಳನ್ನು ತೋರಿಸಿದರು. ಹಿನ್ನೆಲೆಗೆ ರವಿಶಂಕರರ ಸಿತಾರ್. ಬರೀ ನೀರುಹುಳ ಸ್ವಾಮಿ! ಲೋಕದ ದೊಡ್ಡ ದೊಡ್ಡ ಜನ ಅದನ್ನು ನೋಡಿ ತಲೆದೂಗಿದರು. ಅಂಥ ಹುಳ ನಮ್ಮ ಯಾವ ಕೆರೆಯಲ್ಲಿಲ್ಲ ಹೇಳಿ?

ಇನ್ನೊಂದು ಗುಟ್ಟು. ಹಳೆಯ ರೀಲು ಪ್ರೊಜೆಕ್ಟರಿನಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತಿದ್ದವು. ಒಂದು ಚಿತ್ರ ಸರಿದು ಇನ್ನೊಂದು ಬರುವಾಗ ಕಾಣಬಾರದೆಂದು ಯಂತ್ರದ ರೆಕ್ಕೆ ಬೆಳಕಿಗೆ ಅಡ್ಡ ಬರುತ್ತಿತ್ತು. ಹೀಗಾಗಿ ಎರಡು ಗಂಟೆ ಸಿನಿಮಾದಲ್ಲಿ ಹತ್ತಿರ ಹತ್ತಿರ ಒಂದು ಗಂಟೆ ಪರದೆಯ ಮೇಲೆ ಬರೀ ಕತ್ತಲು! ಟಿಕೆಟಿನ ಅರ್ಧ ದುಡ್ಡು ಕತ್ತಲಿಗೇ ಹೋಯಿತು ಅನ್ನಬೇಡಿ. ಆ ಕತ್ತಲನ್ನು ಹೊಲಿದು ಚಿತ್ರ ಓಡಿಸಿದ್ದು ನಿಮ್ಮದೇ ಕಣ್ಣು, ನಿಮ್ಮದೇ ಮಿದುಳು. ಅಂಥ ಕಣ್ಣು ಇಟ್ಟುಕೊಂಡು ‘ನೋಡಾಕ ಏನೈತ್ರಿ’ ಅಂದರೆ ಹೇಗೆ?

ಹುಡುಗನಿಗೆ ಉತ್ತರ ಬರೆದೆ: ‘ಬೆಂಗಳೂರಿಗೆ ಹೋಗು ಮಾರಾಯ. ಹೋಗುವ ಮುಂಚೆ ಒಂದು ದಿನ ನನಗೆ ಕೊಡು. ಬರ್ತೀನಿ.’

* * *

ಶ್ರಾವಣದ ಒಂದು ಬೆಳಿಗ್ಗೆ ಸಿಂಧನೂರು ಬಸ್ ನಿಲ್ದಾಣದಲ್ಲಿ ಇಳಿದೆ. ಮುಕ್ಕುಂದದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಟ್ಟೆಯ ಮೇಲೆ ಕೂತು ಕಿವಿ ಬಿಟ್ಟುಕೊಂಡೆ. ಬಲಗಡೆ ನಮ್ಮ ರಾಯಚೂರು ಸೀಮೆಯ ಕನ್ನಡ. ಎಡಗಡೆ ತೆಲುಗು. ಬೆನ್ನ ಹಿಂದೆ ಉರ್ದು. ಎದುರಿಗೆ ನಿಂತ ಇಬ್ಬರು ಹೆಂಗಸರದು ಬಂಗಾಳಿ! ಕನಸಲ್ಲ ಸ್ವಾಮಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದವರು ನೆಲ ಹದ ಮಾಡಿ ಗದ್ದೆ ಕಟ್ಟಿ ನಿಂತ ಊರುಗಳಿಗೆ ಈ ಕಡೆ ‘ಕ್ಯಾಂಪು’ ಅಂತಲೇ ಹೆಸರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರನ್ನು ಸರ್ಕಾರ ತಂದು ನೆಲೆ ನಿಲ್ಲಿಸಿದ ಊರುಗಳು ‘ಆರ್.ಎಚ್. ಕ್ಯಾಂಪು’ಗಳು. ಅಲ್ಲಿ ದುರ್ಗಾಪೂಜೆ ನಡೆಯುತ್ತದೆ, ಮೀನಿನ ಸಾರು ಕುದಿಯುತ್ತದೆ. ಅವರ ಮಕ್ಕಳು ಕಂಡಕ್ಟರ್ ಹತ್ತಿರ ಚಿಲ್ಲರೆಗೆ ಜಗಳ ಆಡುವುದು ಮಾತ್ರ ಶುದ್ಧ ಸಿಂಧನೂರು ಕನ್ನಡದಲ್ಲಿ!

ಒಂದು ಬಸ್ ನಿಲ್ದಾಣದಲ್ಲಿ ಇಷ್ಟು ದೇಶ. ಟಿಕೆಟಿಲ್ಲ.

ಮುಕ್ಕುಂದದಲ್ಲಿ ಹುಡುಗ ಕಾದಿದ್ದ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಹೊಳೆಯ ಕಡೆ ಹೊರಟವರು ಎರೆ ಹೊಲದ ಬದುವಿನಲ್ಲಿ ಹತ್ತು ಹೆಜ್ಜೆ ಹಾಕಿದೆವು. ನನ್ನ ಚಪ್ಪಲಿ ಒಂದೊಂದೂ ಎರಡೆರಡು ಸೇರು ತೂಕ!

‘ನೋಡ್ರಿ, ಇದ ನಮ್ಮೂರು’ ಅಂತ ಹುಡುಗ ನಕ್ಕ.

‘ಈ ಮಣ್ಣು ತನ್ನನ್ನು ತಾನೇ ಉಳುತ್ತೆ, ಗೊತ್ತಾ?’ ಅಂದೆ.

ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ಎರೆಮಣ್ಣು ಕೈ ಹೋಗುವಷ್ಟು ಬಿರಿಯುತ್ತೆ ತಾನೆ? ಮೇಲಿನ ಪುಡಿಮಣ್ಣು ಗಾಳಿಗೆ, ದನದ ಕಾಲಿಗೆ ಸಿಕ್ಕಿ ಆ ಬಿರುಕಿನೊಳಗೆ ಬೀಳುತ್ತೆ. ಮಳೆ ಬಂದಾಗ ಮಣ್ಣು ನೀರು ಕುಡಿದು ಉಬ್ಬುತ್ತೆ. ಕೆಳಗೆ ಬಿದ್ದ ಮಣ್ಣಿಗೆ ಜಾಗ ಸಾಲದೆ ಒಳಗೊಳಗೇ ಒತ್ತಿ ಒತ್ತಿ ಕೆಳಗಿನದು ಮೇಲಕ್ಕೆ ಬರುತ್ತೆ. ವರ್ಷ ವರ್ಷವೂ ಹೀಗೆ. ರಂಟೆಯಿಲ್ಲದ, ಟ್ರ್ಯಾಕ್ಟರಿಲ್ಲದ ಉಳುಮೆ! ಹುಡುಗ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಹಿಚುಕಿ ನೋಡಿದ. ಆ ಮಣ್ಣಿನಲ್ಲಿ ಹುಟ್ಟಿ ಬೆಳೆದವನು, ಅಂಗಡಿಯಲ್ಲಿ ಬಟ್ಟೆ ಮುಟ್ಟಿ ನೋಡುವ ಹಾಗೆ ಮುಟ್ಟಿ ನೋಡಿದ.

ಹೊಳೆದಂಡೆಯ ಜಾಲಿಮರದಲ್ಲಿ ಗೀಜಗನ ಗೂಡುಗಳು ನೀರಿನ ಮೇಲೆ ತೂಗುತ್ತಿದ್ದವು. ಸಿನಿಮಾ ಪತ್ರಿಕೆಯವನು ನಾನು, ಅಲ್ಲಿ ನನಗೆ ಕಂಡದ್ದು ಪೂರ್ತಿ ಒಂದು ಚಿತ್ರಕಥೆ. ಗೂಡು ಹೆಣೆಯುವವನು ಹೀರೋ, ಅಂದರೆ ಗಂಡು. ಭತ್ತದ ಎಲೆಯನ್ನು ಉದ್ದುದ್ದ ಸೀಳಿ ತಂದು ಅರ್ಧ ಗೂಡು ಹೆಣೆದು, ರೆಕ್ಕೆ ಬಡಿದು ಕೂಗುತ್ತಾನೆ. ಆಗ ಹೀರೋಯಿನ್ ಬರುತ್ತಾಳೆ. ಇನ್‌ಸ್ಪೆಕ್ಷನ್! ಒಪ್ಪಿದರೆ ಅವನು ಗೂಡು ಪೂರ್ತಿ ಮಾಡುತ್ತಾನೆ. ಒಪ್ಪದೆ ಹಾರಿಹೋದರೆ ಆ ಅರ್ಧ ಗೂಡು ಹಾಗೇ ತೂಗುತ್ತಾ ಉಳಿಯುತ್ತೆ. ಮರದಲ್ಲಿ ಅರ್ಧಂಬರ್ಧ ಗೂಡು ಕಂಡರೆ ತಿಳಿದುಕೊಳ್ಳಿ, ಅಲ್ಲೊಂದು ಪ್ರೇಮ ಫ್ಲಾಪಾಗಿದೆ. ಇಷ್ಟಕ್ಕೇ ಕಣ್ಣೀರು ಹಾಕಬೇಡಿ, ಇಂಟರ್ವಲ್ ನಂತರ ತಿರುವು ಇದೆ. ಅವಳು ಗೂಡು ಒಪ್ಪಿ ಮೊಟ್ಟೆಯಿಟ್ಟು ಕೂತ ಮೇಲೆ ನಮ್ಮ ಹೀರೋ ಪಕ್ಕದಲ್ಲೇ ಇನ್ನೊಂದು ಗೂಡು ಶುರು ಮಾಡುತ್ತಾನೆ, ಇನ್ನೊಬ್ಬಳಿಗೆ! ಹೀರೋ ಅಂದುಕೊಂಡವನು ವಿಲನ್ನು.

‘ಇಷ್ಟು ವರ್ಷ ಈ ಗೂಡಿಗೆ ಕಲ್ಲು ಒಗದೀನ್ರಿ, ನೋಡಿದ್ದಿಲ್ಲ’ ಅಂದ ಹುಡುಗ.

* * *

ಮಧ್ಯಾಹ್ನ ಅವನ ಮನೆಯಲ್ಲಿ ಊಟ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಜೋಳದ ಹಿಟ್ಟಿಗೆ ಗೋದಿಯ ಹಾಗೆ ಅಂಟಿಲ್ಲ. ಅದಕ್ಕೇ ಕುದಿವ ನೀರು ಹಾಕಿ ನಾದಬೇಕು, ಅಂಗೈಯಲ್ಲಿ ಬಡಿದೇ ಹಿಗ್ಗಿಸಬೇಕು. ಕೈ ಒಂದೊಂದು, ತಾಳ ಒಂದೊಂದು. ‘ಸಂಜಿ ಹೊತ್ತು ಓಣ್ಯಾಗ ನಡದ್ರ, ಯಾರ ಮನಿಯಾಗ ಅತ್ತಿ ಬಡೀತಾಳ, ಯಾರ ಮನಿಯಾಗ ಸೊಸಿ ಬಡೀತಾಳ, ಕಣ್ಣು ಮುಚ್ಚಿ ಹೇಳ್ತೀನಿ’ ಅಂತ ಮೂಲೆಯ ಮಂಚದಿಂದ ಒಂದು ಧ್ವನಿ ಬಂತು. ಹುಡುಗನ ಅಜ್ಜ. ಎಂಬತ್ತೆಂಟು ವಯಸ್ಸು. ಕಣ್ಣು ಈಗ ಮಂಜು. ಕಿವಿ ಮಾತ್ರ ನನಗಿಂತ ಚುರುಕು.

ಅಜ್ಜನ ಮನೆತನದವರು ಹಿಂದೆ ಹೊಳೆ ದಾಟಿಸುತ್ತಿದ್ದವರು. ಹರಿಗೋಲು! ಬಿದಿರು ಹೆಣೆದ ದೊಡ್ಡ ಗುಂಡು ಬುಟ್ಟಿ, ಹೊರಮೈಗೆ ಚರ್ಮ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಈಚೆಗೆ ಚರ್ಮದ ಜಾಗಕ್ಕೆ ತಾಡಪಾಲು, ಡಾಂಬರು, ಫೈಬರು ಬಂದವು. ಆಕಾರ ಮಾತ್ರ ಅದೇ. ನಾನು ಅಜ್ಜನಿಗೆ ಹೇಳಿದೆ: 1520ರ ಹೊತ್ತಿಗೆ ವಿಜಯನಗರ ನೋಡಲು ಬಂದ ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸನು ಇದೇ ಹೊಳೆಯನ್ನು ಆನೆಗುಂದಿಯ ಹತ್ತಿರ ಜನ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂಥ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತದೆ, ಎತ್ತು ಕುದುರೆಗಳನ್ನೂ ದಾಟಿಸುತ್ತಾರೆ, ಹುಟ್ಟು ಹಾಕಿದರೆ ನೆಟ್ಟಗೆ ಹೋಗದೆ ಗಿರಗಿರ ತಿರುಗುತ್ತಲೇ ಸಾಗುತ್ತದೆ ಅಂತ.

ಅಜ್ಜ ನಕ್ಕು ಹಾಸಿಗೆಯಲ್ಲಿ ಎದ್ದು ಕೂತ. ‘ಖರೆ ಬರದಾನ! ಹೊಸಬರು ಕುಂತ್ರ ತಿರುಗತಿತ್ತು. ಬಲ್ಲವ ಕುಂತ್ರ ನೆಟ್ಟಗ ಹೋಗತಿತ್ತು.’

ಐನೂರು ವರ್ಷದ ಹಿಂದಿನ ಪೋರ್ಚುಗೀಸನಿಗೆ ಮುಕ್ಕುಂದದ ಅಜ್ಜನ ತಿದ್ದುಪಡಿ!

ಆಮೇಲೆ ಅಜ್ಜ ಮೊಮ್ಮಗನಿಗೆ ಪೆಟ್ಟಿಗೆ ತರಲು ಹೇಳಿದ. ಬಟ್ಟೆಗಂಟಿನೊಳಗೆ ಒಂದು ನಾಣ್ಯ. ಅಜ್ಜ ಅದನ್ನು ಹೆಬ್ಬೆರಳಲ್ಲಿ ಸವರಿ, ಮಗ್ಗುಲು ತಿರುಗಿಸಿ ನನ್ನ ಕೈಗಿಟ್ಟ. ಚಾರ್‌ಮಿನಾರ್! ನಿಜಾಮರ ನಾಲ್ಕಾಣೆ.

‘ಹಾಲಿ ಸಿಕ್ಕಾ’ ಅಂದ ಅಜ್ಜ. ‘ಈಚಿ ದಂಡ್ಯಾಗ ಇದು ನಡೀತಿತ್ತು. ಆಚಿ ದಂಡ್ಯಾಗ ಕಲ್ದಾರ್. ಹೊಳಿ ದಾಟೋರು ಎರಡೂ ಗಂಟು ಕಟಗೊಂಡು ಬರ್ತಿದ್ರು.’

ಹುಡುಗ ಕೇಳಿದ: ‘ಯಾಕ? ಅದೂ ಇದೂ ಒಂದೇ ದೇಶ ಅಲ್ಲೇನು?’

ಇದು ನೋಡಿ ನಾನು ಹೇಳಬೇಕೆಂದಿದ್ದ ಮಾತು. ಮುಕ್ಕುಂದದ ದಂಡೆ ಹೈದರಾಬಾದ್ ನಿಜಾಮರ ಸೀಮೆ. ಎದುರಿನ ದಂಡೆ ಬಳ್ಳಾರಿ ಜಿಲ್ಲೆ, ಅಂದರೆ ಬ್ರಿಟಿಷರ ಮದರಾಸು ಪ್ರಾಂತ್ಯ. ಈಚೆಗೊಂದು ನಾಣ್ಯ, ಆಚೆಗೊಂದು ನಾಣ್ಯ. ಏಳು ಹಾಲಿ ರೂಪಾಯಿ ಕೊಟ್ಟರೆ ಸುಮಾರು ಆರು ಕಲ್ದಾರ್. ಈಚೆಗೊಂದು ಅಂಚೆಚೀಟಿ, ಆಚೆಗೊಂದು ಅಂಚೆಚೀಟಿ. ಈಚೆ ಕಚೇರಿಯಲ್ಲಿ ಉರ್ದು, ಆಚೆ ಕಚೇರಿಯಲ್ಲಿ ಇಂಗ್ಲಿಷು. ಎರಡೂ ದಂಡೆಯ ಜನ ಆಡುತ್ತಿದ್ದುದು ಮಾತ್ರ ಒಂದೇ ಕನ್ನಡ, ಕೊಟ್ಟು ತಂದು ಮಾಡುತ್ತಿದ್ದುದು ಒಂದೇ ಸಂಬಂಧ, ಎಮ್ಮೆ ಮೈತೊಳೆಯುತ್ತಿದ್ದುದು ಒಂದೇ ನೀರಿನಲ್ಲಿ.

1947ರ ಆಗಸ್ಟ್ 15ರಂದು ಆಚೆ ದಂಡೆಗೆ ಸ್ವಾತಂತ್ರ್ಯ ಬಂತು. ಈಚೆ ದಂಡೆಗೆ ಬರಲಿಲ್ಲ! ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ರಂದು. ಅಂದರೆ ಹರಿಗೋಲಿನಲ್ಲಿ ಒಂದು ಎಲೆಯಡಿಕೆ ಮುಗಿಯುವುದರೊಳಗೆ ದಾಟುವ ಹೊಳೆಯನ್ನು ದಾಟಲು ಸ್ವಾತಂತ್ರ್ಯಕ್ಕೆ ಹದಿಮೂರು ತಿಂಗಳು ಬೇಕಾಯಿತು. ಅಲ್ಲಿಗೂ ಮುಗಿಯಲಿಲ್ಲ. ಆಚೆ ದಂಡೆ 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯ ಸೇರಿತು. ಈಚೆ ದಂಡೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಒಂದೇ ಹೊಳೆಯ ಎರಡು ದಂಡೆ ಒಂದು ರಾಜ್ಯವಾಗಲು ಇಷ್ಟು ಕಾಲ.

ಅಜ್ಜ ಅಂದ: ‘ಅವತ್ತು ಆಚಿ ದಂಡ್ಯಾಗ ಬಾವುಟ ಹಾರಿಸಿದ್ರು. ನಾವು ಹುಡುಗ್ರು ಈಚಿ ದಂಡ್ಯಾಗ ನಿಂತು ನೋಡಿದ್ವಿ. ನೋಡೋದಕ್ಕ ಯಾರೂ ಬ್ಯಾಡ ಅನ್ನಾಕ ಆಗಲಿಲ್ಲ.’

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ರೊಟ್ಟಿಯ ಸದ್ದೂ ನಿಂತಿತ್ತು. ಹುಡುಗ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ಕೂತ. ಸಣ್ಣವನಿದ್ದಾಗ ಅದರ ಜೊತೆ ಆಡಿದ್ದನಂತೆ. ಇದೇನು ಅಂತ ಅವನು ಕೇಳಿರಲಿಲ್ಲ, ಅಜ್ಜ ಹೇಳಿರಲಿಲ್ಲ. ಹೇಳದೆ ಕೇಳದೆ ಇನ್ನೆರಡು ವರ್ಷ ಕಳೆದಿದ್ದರೆ? ಆ ಚಾರ್‌ಮಿನಾರ್ ಬರೀ ಲೋಹದ ಚೂರಾಗುತ್ತಿತ್ತು. ಸಣ್ಣ ವಿಷಯಗಳಿಗೆ ವಯಸ್ಸಿದೆ ಸ್ವಾಮಿ. ಗೊತ್ತಿದ್ದವರು ಹೋದ ದಿನ ಅವೂ ಹೋಗುತ್ತವೆ.

* * *

ಇದೆಲ್ಲ ಒಂದು ಊರಿನ ಮಾತಾಯಿತು. ಇದೇ ಸೀಮೆಯಲ್ಲಿ, ಸಿಂಧನೂರಿನಿಂದ ಬಸ್ಸಿನಲ್ಲಿ ಒಂದು ನಿದ್ದೆಗೂ ಸಾಲದ ದೂರದಲ್ಲಿರುವ ಮಸ್ಕಿಯ ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಇದು ಚಿನ್ನದ ನಾಡು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ನೆಲದೊಳಗಿಂದ ಚಿನ್ನ ತೆಗೆಯುತ್ತಾರೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ಮಸ್ಕಿಯ ಗುಡ್ಡಕ್ಕೆ ಬಂದ. ಚಿನ್ನದ ಬದಲು ಒಂದು ಬಂಡೆಯ ಮೇಲೆ ಸಾಲು ಸಾಲು ಅಕ್ಷರ ಕಂಡ. ಊರಿನ ದನಗಾಹಿಗಳು ದಿನಾ ನೋಡಿದ್ದ ಬಂಡೆ. ಅಕ್ಷರ ಬ್ರಾಹ್ಮಿ, ಭಾಷೆ ಪ್ರಾಕೃತ. ಅದರಲ್ಲಿತ್ತು ಆ ಹೆಸರು: ಅಶೋಕ!

ಅದರಲ್ಲೇನು ವಿಶೇಷ ಅಂತೀರಾ? 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗಿನಿಂದ ದೇಶದ ಉದ್ದಗಲದ ಬಂಡೆ, ಕಂಬಗಳ ಮೇಲೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ ಸಿಗುತ್ತಿದ್ದವು. ಈತನೇ ಅಶೋಕ ಅಂತ ಪಂಡಿತರು ಸಿಂಹಳದ ಗ್ರಂಥಗಳ ಆಧಾರದ ಮೇಲೆ ಹೇಳುತ್ತಿದ್ದರೇ ಹೊರತು ಬಂಡೆಯ ಬಾಯಿಂದ ಹೆಸರು ಬಂದಿರಲಿಲ್ಲ. ಸಿನಿಮಾ ಭಾಷೆಯಲ್ಲಿ ಹೇಳೋದಾದರೆ, ನಟಸಾರ್ವಭೌಮ ಅಂತ ಪೋಸ್ಟರು ಊರೆಲ್ಲ ಅಂಟಿದೆ, ರಾಜ್‌ಕುಮಾರ್ ಅಂತ ಹೆಸರು ಒಂದರಲ್ಲೂ ಇಲ್ಲ! ಆ ಹೆಸರು ಮೊಟ್ಟಮೊದಲು ಸಿಕ್ಕ ಪೋಸ್ಟರು ಮಸ್ಕಿಯದು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ ಸಿಕ್ಕಿತು. ಮತ್ತೆ ಎಲ್ಲಿ ಗೊತ್ತೆ? ಮುಕ್ಕುಂದದ ಹೊಳೆಯ ಆಚೆ ದಂಡೆಯ ಸಿರುಗುಪ್ಪ ತಾಲ್ಲೂಕಿನಲ್ಲಿ, ನಿಟ್ಟೂರು ಮತ್ತು ಉಡೇಗೋಳದ ಬಂಡೆಗಳ ಮೇಲೆ. ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಅವನ ಚಿತ್ರವೇ ಕಲ್ಲಿನಲ್ಲಿ ಸಿಕ್ಕಿತು, ಜೊತೆಗೆ ‘ರಾಯೋ ಅಸೋಕ’ ಅಂತ ಹೆಸರು. ನಮ್ಮ ಪತ್ರಿಕೆಯಲ್ಲಿ ನಟರ ಫೋಟೋಕ್ಕೆ ಅಡಿಬರಹ ಹಾಕುತ್ತೇವಲ್ಲ, ಹಾಗೆ!

ಎಲ್ಲಕ್ಕಿಂತ ಸೊಗಸು ಮಸ್ಕಿಯ ಬಂಡೆ ಹೇಳುವ ಮಾತು. ಅದರ ತಾತ್ಪರ್ಯ ಇಷ್ಟು: ಇದು ದೊಡ್ಡವರಿಂದ ಮಾತ್ರ ಆಗುವಂಥದು ಅಂತ ತಿಳಿಯಬೇಡಿ, ಧರ್ಮದಲ್ಲಿ ನಡೆದರೆ ಸಣ್ಣವನಿಗೂ ದಕ್ಕುತ್ತದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಚಕ್ರವರ್ತಿಯೊಬ್ಬ ಈ ಸೀಮೆಯ ಜನಕ್ಕೆ ಬರೆಸಿದ ಕಾಗದ ಇದು. ‘ಏನೈತ್ರಿ ನಮ್ಮೂರಾಗ’ ಎಂಬ ಪ್ರಶ್ನೆಗೆ ಉತ್ತರ ಪ್ರಶ್ನೆಗಿಂತ ಮೊದಲೇ ಬಂದು ಬಂಡೆಯ ಮೇಲೆ ಕೂತಿತ್ತು.

* * *

‘ಇದೆಲ್ಲ ಹೊತ್ತು ಹೋಗದವರ ಕೆಲಸ, ಸಣ್ಣಪುಟ್ಟದ್ದು ನೋಡಿ ಹೊಟ್ಟೆ ತುಂಬುತ್ತಾ?’ ಅಂತ ಹಿಂದಿನ ಸೀಟಿನವರು ಗೊಣಗುವುದು ಕೇಳಿಸಿತು. ಅವರಿಗೂ ಒಂದು ಮಾತು.

2024ರ ಆಗಸ್ಟ್ 10ರ ರಾತ್ರಿ. ಮುಕ್ಕುಂದಕ್ಕೆ ಮೇಲುಗಡೆ, ಇದೇ ಹೊಳೆಗೆ ಕಟ್ಟಿದ ತುಂಗಭದ್ರಾ ಅಣೆಕಟ್ಟು. 1953ರಲ್ಲಿ ಮುಗಿದ ಕಟ್ಟಡ, 33 ಗೇಟು. ಜಲಾಶಯ ತುಂಬಿ ನಿಂತಿತ್ತು. 19ನೇ ಗೇಟಿನ ಸರಪಳಿ ತುಂಡಾಯಿತು. ಗೇಟು ಕೊಚ್ಚಿಹೋಯಿತು! ಒಂದೇ ಕಡೆ ಒತ್ತಡ ಬೀಳದಿರಲೆಂದು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ, ಅದರಾಚೆ ಆಂಧ್ರ, ತೆಲಂಗಾಣ, ಎಲ್ಲ ಕಡೆ ಆಗತಾನೆ ಭತ್ತ ನಾಟಿ ಮಾಡಿದ ರೈತರು ಹೊಳೆಯಲ್ಲಿ ಹೋಗುವ ನೀರನ್ನು ನೋಡುತ್ತಾ ನಿಂತರು. ಅದು ಅವರ ಬೆಳೆ. ಅದು ಅವರ ಸಾಲ, ಮಗಳ ಮದುವೆ, ಮಗನ ಕಾಲೇಜು ಫೀಸು.

‘ಹೊಳಿ ದಂಡ್ಯಾಗ ನಿಂತು ನೋಡಿದ್ವಿ ಸರ್. ನೀರು ಬಂದ್ರ ಖುಷಿ ಆಗಬೇಕು. ಅವತ್ತು ಅಳು ಬಂತು’ ಅಂದ ಹುಡುಗ.

ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ವಾರದೊಳಗೆ ಆ ಬಾಯಿ ಮುಚ್ಚಿದರು. ನೀರಿನ ಮೇಲೆ ಜೀವ ಪಣಕ್ಕಿಟ್ಟು ದುಡಿದ ಕೆಲಸಗಾರರಿಗೆ ಯಾವ ಹೀರೋನೂ ಸಮ ಅಲ್ಲ. ಆ ವರ್ಷ ಮಳೆಯೂ ಕೈಹಿಡಿದು ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬಿತು. ಬೆಳೆ ಉಳಿಯಿತು.

ಇಷ್ಟು ದೊಡ್ಡ ಕಟ್ಟೆ, ಇಷ್ಟು ದೊಡ್ಡ ಕೆರೆ, ಲಕ್ಷಾಂತರ ಎಕರೆ ಗದ್ದೆ. ಎಲ್ಲ ನೇತುಹಾಕಿದ್ದು ಯಾವುದರ ಮೇಲೆ? ಸರಪಳಿಯ ಮೇಲೆ. ಸರಪಳಿ ಅಂದರೆ ಏನು? ಸಣ್ಣ ಸಣ್ಣ ಕೊಂಡಿ. ಸಣ್ಣದನ್ನು ನೋಡುವುದು ಬರೀ ಸಂತೋಷಕ್ಕಲ್ಲ ಸ್ವಾಮಿ, ಬದುಕಿಗೂ ಬೇಕು. ದಿನಾ ಪ್ರೀತಿಯಿಂದ ನೋಡುವ ಕಣ್ಣಿಗೆ ಮಾತ್ರ ನಿನ್ನೆಗೂ ಇವತ್ತಿಗೂ ಏನು ಬದಲಾಯಿತು ಅಂತ ಗೊತ್ತಾಗುತ್ತೆ. ಎಮ್ಮೆ ಮೇವು ಬಿಟ್ಟದ್ದು, ಮಗು ಮಾತು ಕಡಿಮೆ ಮಾಡಿದ್ದು, ಅಜ್ಜನ ಕೆಮ್ಮಿನ ಸದ್ದು ಬೇರೆಯಾದದ್ದು, ಇವು ಯಾವ ಪೇಪರಿನ ಹೆಡ್ಡಿಂಗಿನಲ್ಲೂ ಬರುವುದಿಲ್ಲ.

* * *

ಹುಡುಗ ಬೆಂಗಳೂರಿಗೆ ಹೋದ. ಹೋಗಲೇಬೇಕಿತ್ತು. ಹೋದ ವಾರ ಅಲ್ಲಿಂದ ಇನ್ನೊಂದು ಕಾಗದ ಬಂತು. ‘ಹೊರಡೂ ಮುಂಚೆ ಎಂಟು ದಿನ ಅಜ್ಜನ ಹಂತೇಕ ಕುಂತಿದ್ದೆ ಸರ್. ಮಾತು ಮೊಬೈಲಿನಾಗ ಹಿಡದೀನಿ. ಐದು ತಾಸು ಆಗೈತಿ. ಹೊಳಿಯಾಗಿನ ಒಂದೊಂದು ಮಡುವಿಗೂ ಹೆಸರೈತಂತ! ಇಲ್ಲಿ ಮೆಟ್ರೋದಾಗ ಎಲ್ಲರೂ ತಲಿ ಬಗ್ಗಿಸಿ ರೀಲ್ಸ್ ನೋಡ್ತಾರ. ನಾನು ಕಿಟಕಿ ನೋಡ್ತೀನಿ. ಭಾಳ ಐತ್ರಿ ನೋಡಾಕ.’

ರೀಲು ಅಂದರೆ ಹಿಂದೆ ಸಾವಿರ ಅಡಿ, ಹನ್ನೊಂದು ನಿಮಿಷ ಓಡುತ್ತಿತ್ತು. ಈಗಿನ ರೀಲು ಅರ್ಧ ನಿಮಿಷ, ಅದೂ ಹೆಬ್ಬೆರಳಿಗೆ ತಾಳ್ಮೆ ಇದ್ದರೆ. ಬಯ್ಯುತ್ತಿಲ್ಲ, ನಾನೂ ನೋಡುತ್ತೇನೆ. ಆದರೆ ಅದೇ ಹೆಬ್ಬೆರಳಿನಿಂದ ಮುಕ್ಕುಂದದ ಅಜ್ಜ ಕತ್ತಲಲ್ಲಿ ಚಾರ್‌ಮಿನಾರ್ ಹುಡುಕುತ್ತಾನೆ, ನೆನಪಿರಲಿ.

ಈಗ ನಿಮ್ಮ ಸರದಿ. ಈ ವಾರದ ಪಂದ್ಯ ಇದು. ನಿಮ್ಮ ಮನೆ ಬಾಗಿಲಿನಿಂದ ನೂರು ಹೆಜ್ಜೆಯೊಳಗೆ, ಇದುವರೆಗೆ ನೀವು ನೋಡಿಯೂ ನೋಡದ ಒಂದು ವಸ್ತುವನ್ನು ನೋಡಿ. ಅದರ ಬಗ್ಗೆ ಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳಿ. ಅವರು ಹೇಳಿದ್ದನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ನಟನಟಿಯರ ಫೋಟೋ ಕಳಿಸಿಕೊಡಿ ಅಂತ ಅದೇ ಕಾರ್ಡಿನಲ್ಲಿ ಬರೆಯಬೇಡಿ, ಅದು ಬೇರೆ ಪುಟದವರ ಕೆಲಸ. ಬಹುಮಾನ ಏನೂ ಇಲ್ಲ. ಕೇಳಿದ ಕೂಡಲೇ ನಿಮ್ಮ ಮನೆಯ ಅಜ್ಜಿಯ ಮುಖ ಹೇಗಾಯಿತು ಅಂತ ನೋಡಿ, ಬಹುಮಾನ ಅಲ್ಲೇ ಸಿಕ್ಕಿರುತ್ತೆ.

ಅಗೋ, ಕಂಡಕ್ಟರ್ ಎರಡು ಸೀಟಿ ಊದಿದ. ಹೊರಡಿ. ಕಿಟಕಿ ಪಕ್ಕ ಜಾಗ ಸಿಕ್ಕರೆ ಪತ್ರಿಕೆ ಮಡಿಚಿ ಚೀಲಕ್ಕೆ ಹಾಕಿ. ಮುಂದಿನ ವಾರ ಸಿಗೋಣ, ನಿಮ್ಮ ಬಸ್ಸು ತಡವಾದರೆ!